ನೀರು ಹರಿದ ಜಾಡಿನಲ್ಲಿ ಸೈಕಲ್: ತಾಹೋ ಸರೋವರದ ಫ್ಲೂಮ್ ಟ್ರೇಲ್ ಸುತ್ತುವುದು ಹೇಗೆ?

ಮಲೆನಾಡಿನಲ್ಲಿ ಅಡಿಕೆ ದಬ್ಬೆ ಜೋಡಿಸಿ ಗುಡ್ಡದ ನೀರನ್ನು ಅಂಗಳಕ್ಕೆ ತರುವುದನ್ನು ಕಂಡವರಿಗೆ ಈ ಹಾದಿಯ ಗುಟ್ಟು ಬೇಗ ತಿಳಿಯುತ್ತದೆ. ದಬ್ಬೆಗೆ ಬೇಕಾದದ್ದು ಕಂಡೂ ಕಾಣದಷ್ಟು ಇಳಿಜಾರು. ಅಮೆರಿಕದ ನೆವಾಡಾದಲ್ಲಿ, ತಾಹೋ ಸರೋವರದ ಪೂರ್ವ ದಂಡೆಯ ಬೆಟ್ಟದ ಮೇಲೆ 1870ರ ದಶಕದಲ್ಲಿ ಇದೇ ಲೆಕ್ಕಾಚಾರದಲ್ಲಿ ಮರದ ಹಲಗೆಯ ಕಾಲುವೆಗಳನ್ನು (ಇಂಗ್ಲಿಷ್‌ನಲ್ಲಿ ಫ್ಲೂಮ್) ಕೂಡಿಸಿದರು. ಮಾರ್ಲೆಟ್ ಕೆರೆಯ ನೀರು ಅದರಲ್ಲಿ ಹರಿದು, ಸುರಂಗ ಹಾದು, ವರ್ಜೀನಿಯಾ ಸಿಟಿಯ ಬೆಳ್ಳಿ ಗಣಿಗಳತ್ತ ಸಾಗುತ್ತಿತ್ತು. ಮರ ಕೊಳೆತುಹೋಯಿತು. ಬೆಟ್ಟದ ಪಕ್ಕೆ ಕಡಿದು ಮಾಡಿದ್ದ ಪಟ್ಟಿ ಮಾತ್ರ ಉಳಿಯಿತು. ಅದೇ ಇಂದಿನ ಫ್ಲೂಮ್ ಟ್ರೇಲ್.

ಮೊದಲು ದಿನ ಗೊತ್ತುಮಾಡಿಕೊಳ್ಳಿ. ಜೂನ್‌ನಲ್ಲೂ ನೆರಳಿನ ಜಾಗಗಳಲ್ಲಿ ಹಿಮ ಉಳಿದಿರಬಹುದು. ಬೇಸಿಗೆಯ ಮಧ್ಯಾಹ್ನಗಳಲ್ಲಿ ಗುಡುಗು ಮಳೆಯ ಭಯ. ನನ್ನನ್ನು ಕೇಳಿದರೆ ಸೆಪ್ಟೆಂಬರ್ ಕೊನೆಯೇ ಒಳ್ಳೆಯದು. ಆಸ್ಪೆನ್ ಮರದ ಎಲೆಗಳು ಹಳದಿಗೆ ತಿರುಗುವ ಹೊತ್ತದು.

ಸ್ಯಾನ್ ಫ್ರಾನ್ಸಿಸ್ಕೊ ಸುತ್ತಲಿನ ಬೇ ಏರಿಯಾದ ಕನ್ನಡಿಗರು ನಾಲ್ಕು ತಾಸು ಕಾರು ಓಡಿಸಿ, ಇಳಿದ ಕೂಡಲೇ ಸೈಕಲ್ ಹತ್ತುವುದುಂಟು. ಅದು ಬೇಡ. ಈ ಸರೋವರದ ನೀರಿನ ಮಟ್ಟವೇ ಸುಮಾರು 1,897 ಮೀಟರ್ ಎತ್ತರದಲ್ಲಿದೆ, ಹೆಚ್ಚು ಕಡಿಮೆ ನಮ್ಮ ಮುಳ್ಳಯ್ಯನಗಿರಿಯ ನೆತ್ತಿಯಷ್ಟು. ಹಾದಿ ಇರುವುದು ಅದಕ್ಕೂ 450 ಮೀಟರ್ ಮೇಲೆ. ಒಂದು ರಾತ್ರಿ ಅಲ್ಲಿಯೇ ತಂಗಿ, ಚೆನ್ನಾಗಿ ನೀರು ಕುಡಿದು ಬೆಳಗ್ಗೆ ಹೊರಡಿ.

ಕಾರನ್ನು ಇಳಿಯುವ ತುದಿಯಲ್ಲಿ, ಅಂದರೆ ಇನ್‌ಕ್ಲೈನ್ ವಿಲೇಜ್ ಪಕ್ಕದ ಟನಲ್ ಕ್ರೀಕ್ ಬಳಿ ನಿಲ್ಲಿಸಿ. ಅಲ್ಲಿಂದ ಸೈಕಲ್ ಸಮೇತ ಸ್ಪೂನರ್ ಕೆರೆಗೆ ಕರೆದೊಯ್ಯುವ ಬಾಡಿಗೆ ವಾಹನಗಳಿವೆ. ಮುಂಚೆಯೇ ಸೀಟು ಕಾಯ್ದಿರಿಸಿ. ಸ್ಪೂನರ್‌ನಿಂದ ಟನಲ್ ಕ್ರೀಕ್‌ವರೆಗೆ ಒಟ್ಟು 22 ಕಿಲೋಮೀಟರ್ ದಾರಿ.

ಮೊದಲ 8 ಕಿಲೋಮೀಟರ್ ನಾರ್ತ್ ಕ್ಯಾನ್ಯನ್‌ನ ಮಣ್ಣಿನ ಏರು. ಕೊನೆಯ ಭಾಗದಲ್ಲಿ ಅನೇಕರು ಇಳಿದು ಸೈಕಲ್ ತಳ್ಳುತ್ತಾರೆ, ಅದರಲ್ಲಿ ನಾಚಿಕೆಯೇನಿಲ್ಲ. ನಡೆಯುವವರಿಗೆ ಪಕ್ಕದಲ್ಲೇ ಬೇರೆ ಕಾಲುದಾರಿಯಿದೆ. ಅವರು ಮಾರ್ಲೆಟ್ ಕೆರೆಯ ದಂಡೆಯಲ್ಲಿ ಬುತ್ತಿ ಬಿಚ್ಚಿ ಹಿಂದಿರುಗಿದರೂ ದಿನ ಸಾರ್ಥಕ. ಉಳಿದ ತಿಂಡಿಯನ್ನು, ಸಿಪ್ಪೆಯನ್ನೂ ಸಹ, ಬಿಟ್ಟು ಬರಬೇಡಿ. ಇದು ಕರಡಿಗಳ ಕಾಡು.

ಏರು ಮುಗಿದ ಮೇಲೆ ಮಾರ್ಲೆಟ್ ಕೆರೆಯ ದಂಡೆಗುಂಟ ಸಾಗಿದರೆ, ಅದರ ಕಟ್ಟೆಯ ಬಳಿ ಫ್ಲೂಮ್ ಶುರು. ಮುಂದಿನ 7 ಕಿಲೋಮೀಟರ್ ಕಾಲಿಗೆ ಸುಖ, ಎದೆಗೆ ಡವಡವ. ಒಂದು ಸೈಕಲ್‌ಗೆ ಸಾಕಾಗುವಷ್ಟೇ ಅಗಲ. ಬಲಕ್ಕೆ ಗ್ರಾನೈಟ್ ಬಂಡೆ, ಎಡಕ್ಕೆ ಕಡಿದಾದ ಇಳಿಜಾರು, ಅದರ ತಳದಲ್ಲಿ ನೀಲಿ ಸರೋವರ. ಸೈಕಲ್ ಮೇಲೆ ಕೂತು ಸರೋವರ ನೋಡಬೇಡಿ. ಕಣ್ಣು ಹೋದಲ್ಲಿಗೆ ಚಕ್ರವೂ ಹೋಗುತ್ತದೆ. ನೋಡಬೇಕೆನಿಸಿದರೆ ನಿಲ್ಲಿಸಿ. ಇಳಿಯುವಾಗಲೂ ಎಚ್ಚರ: ನಮಗೆ ಚಿಕ್ಕಂದಿನಿಂದ ಸೈಕಲ್‌ನ ಎಡಗಡೆಗೆ ಇಳಿದೇ ರೂಢಿ. ಇಲ್ಲಿ ಎಡಗಾಲು ಊರಿದರೆ ಸಿಗುವುದು ಜಾರುವ ಮರಳು, ಕೆಲವೆಡೆ ಅದೂ ಇಲ್ಲ. ಬಲಕ್ಕೆ, ಬಂಡೆಯ ಕಡೆಗೇ ಇಳಿಯಿರಿ. ಹೊರಡುವ ಮುಂಚೆ ಬಯಲಿನಲ್ಲಿ ಹತ್ತು ಸಲ ಅಭ್ಯಾಸ ಮಾಡಿಕೊಂಡರೆ ಒಳ್ಳೆಯದು. ಎದುರಿಗೆ ಪಾದಚಾರಿಗಳು ಬಂದರೆ ದಾರಿ ಬಿಡಬೇಕಾದವರು ಸೈಕಲ್‌ನವರು. ಸೈಕಲ್‌ಗಳೆಲ್ಲ ದಕ್ಷಿಣದಿಂದ ಉತ್ತರಕ್ಕೇ ಹೋಗುವುದರಿಂದ ಅಷ್ಟರಮಟ್ಟಿಗೆ ನಿಶ್ಚಿಂತೆ.

ಕೊನೆಯದು ಟನಲ್ ಕ್ರೀಕ್ ರಸ್ತೆ. ನೀರಿನ ಲೆಕ್ಕ ಇಲ್ಲಿಗೆ ಮುಗಿಯಿತು. ಸುಮಾರು 4 ಕಿಲೋಮೀಟರ್‌ನಲ್ಲಿ ಆ 450 ಮೀಟರ್‌ನಷ್ಟು ಎತ್ತರವನ್ನೂ ಇಳಿಯಬೇಕು, ಅದೂ ಮರಳಿನ ಮೇಲೆ. ಸೀಟು ತಗ್ಗಿಸಿ, ಮೈಯನ್ನು ಹಿಂದಕ್ಕೆ ಸರಿಸಿ. ಮುಂದಿನ ಬ್ರೇಕನ್ನು ಒಮ್ಮೆಲೇ ಹಿಡಿದರೆ ಚಕ್ರ ಮರಳಿನಲ್ಲಿ ಹೂತು ನೀವು ಹ್ಯಾಂಡಲ್ ದಾಟಿ ಬೀಳುತ್ತೀರಿ. ಎರಡನ್ನೂ ಬಿಟ್ಟು ಬಿಟ್ಟು ಹಿಡಿಯುತ್ತ ಬನ್ನಿ. ಮೇಲೆ ಏರಿ ಬರುವವರಿಗೆ ದಾರಿ ಕೊಡಿ. ಕೆಳಗೆ ಮುಟ್ಟಿದ ಮೇಲೆ ಸೈಕಲ್ ಎತ್ತಿ ಕಾರಿಗೆ ಹಾಕುವ ಆತುರದಲ್ಲಿ ಬ್ರೇಕ್ ಡಿಸ್ಕ್‌ಗೆ ಕೈ ತಾಗಿಸಬೇಡಿ. ದೋಸೆ ಕಾವಲಿಯ ಹಾಗೆ ಕಾದಿರುತ್ತದೆ.