ದಾಸವಾಳ ಬೆಳೆಸಿ ಫೋಟೊ ತೆಗೆಯುವವರಿಗೆ

ಕೆಂಪು ದಾಸವಾಳದ ಫೋಟೊದಲ್ಲಿ ಎಸಳಿನ ಗೆರೆಗಳೇ ಮಾಯವಾಗಿ ಬರೀ ಕೆಂಪು ಕಾಣುತ್ತದೆ ಅಲ್ವಾ? ಗಾಢ ಕೆಂಪು ಮೊಬೈಲ್ ಕ್ಯಾಮೆರಾಗೆ ಕಷ್ಟ. ಪರದೆಯಲ್ಲಿ ಹೂವಿನ ಮೇಲೆ ಬೆರಳಿಟ್ಟು, ಪಕ್ಕದಲ್ಲಿ ಮೂಡುವ ಸೂರ್ಯನ ಗುರುತನ್ನು ಸ್ವಲ್ಪ ಕೆಳಗೆ ಎಳೆಯಿರಿ. ನರಗಳು, ಸುಕ್ಕು ಅಂಚು ಎಲ್ಲ ಎದ್ದು ಬರುತ್ತವೆ. ನೇರ ಬಿಸಿಲಿದ್ದರೆ ತೆಳ್ಳಗಿನ ಬಿಳಿ ಪಂಚೆ ಅಡ್ಡ ಹಿಡಿಸಿ. ಮೋಡದ ದಿನ ಅದೂ ಬೇಡ.

ಹೆಚ್ಚಿನ ದಾಸವಾಳಗಳು ಒಂದೇ ದಿನದ ಹೂವು. ಹಾಗಾಗಿ ಬೆಳಿಗ್ಗೆ ಪೂಜೆಗೆ ಕೀಳುವ ಮೊದಲೇ ಫೋಟೊ ಆಗಲಿ. ನನಗೆ ತುಂಬಾ ಇಷ್ಟ ಹೂವಿನ ನಡುವಿನ ಕೋಲು. ತುದಿಯಲ್ಲಿ ಐದು ಪುಟ್ಟ ಕೆಂಪು ಗುಂಡುಗಳು, ಅದರ ಕೆಳಗೆ ಸುತ್ತಲೂ ಹಳದಿ ಪರಾಗ. ಎದುರಿನಿಂದ ತೆಗೆದರೆ ಇದು ಸರಿಯಾಗಿ ಕಾಣುವುದಿಲ್ಲ, ಪಕ್ಕದಿಂದ ತೆಗೆಯಿರಿ. ತೀರಾ ಹತ್ತಿರ ಹೋದರೆ ಮಸುಕಾಗುತ್ತದೆ. ಒಂದು ಗೇಣು ಹಿಂದೆ ಸರಿದು ತೆಗೆದು, ಆಮೇಲೆ ಫೋಟೊದ ಅಂಚು ಕತ್ತರಿಸಿ (ಕ್ರಾಪ್ ಮಾಡಿ).

ಹೂ ಜಾಸ್ತಿ ಬೇಕಾದರೆ ಗಿಡಕ್ಕೆ ದಿನಕ್ಕೆ 5–6 ಗಂಟೆ ಬಿಸಿಲು ಸಿಗಲಿ. ಮೊಗ್ಗು ಬರುವುದು ಹೊಸ ಚಿಗುರಿನಲ್ಲಿ. ಉದ್ದ ಬೆಳೆದ ಕೊಂಬೆಗಳನ್ನು ಸುಮ್ನೆ ಬಿಡಬೇಡಿ, ಸವರಿ. ಮೊಗ್ಗಿನ ಬುಡದಲ್ಲಿ ಬಿಳಿ ಹತ್ತಿಯಂಥದ್ದು ಕಂಡರೆ ಅದು ಹಿಟ್ಟು ತಿಗಣೆ ಎಂಬ ರಸ ಹೀರುವ ಕೀಟ. ಮೊದಲು ನೀರು ರಭಸವಾಗಿ ಹಾಯಿಸಿ ತೊಳೆಯಿರಿ. ಆಮೇಲೆ 1 ಲೀಟರ್ ನೀರಿಗೆ 5 ಮಿಲಿ ಬೇವಿನೆಣ್ಣೆ, ನಾಲ್ಕು ಹನಿ ಸೋಪಿನ ದ್ರಾವಣ ಬೆರೆಸಿ ಸಂಜೆ ಹೊತ್ತು ಎಲೆಯ ಅಡಿಗೂ ಸಿಂಪಡಿಸಿ. ವಾರ ಬಿಟ್ಟು ಮತ್ತೊಮ್ಮೆ.

ನಿಮ್ಮ ಮನೆಯ ದಾಸವಾಳದ ಫೋಟೊ ಇಲ್ಲಿ ಹಾಕಿ, ಹಳದಿ, ಬಿಳಿ ಬಣ್ಣದವೂ ಬರಲಿ.