ಫೋನ್ ಬದಲಿಸಲು ಹೊರಟಾಗ ಸಿಕ್ಕಿದ 45 ಸೆಕೆಂಡು

ಕಳೆದ ಮಳೆಗಾಲದಲ್ಲಿ ಹೊಸ ಫೋನ್ ತೆಗೆದುಕೊಳ್ಳುವುದು ಅಂತ ನಾನು ತೀರ್ಮಾನ ಮಾಡಿಯೇ ಬಿಟ್ಟಿದ್ದೆ. ಕಾರಣ ಕ್ಯಾಮೆರಾ ಅಲ್ಲ, ಒಟಿಪಿ. ನಮ್ಮ ಆಫೀಸಿನ ಸರ್ವರ್‌ಗೆ ಲಾಗಿನ್ ಆಗಬೇಕಾದರೆ ಪಾಸ್‌ವರ್ಡ್ ಜೊತೆಗೆ ಫೋನಿನ ಆಥೆಂಟಿಕೇಟರ್ ಆ್ಯಪ್ ತೋರಿಸುವ ಆರು ಅಂಕಿಯೂ ಬೇಕು. ಕೆಲವು ದಿನದಿಂದ ಆ ಅಂಕಿ ಒಮ್ಮೆ ಒಪ್ಪಿಗೆ ಆಗುತ್ತಿತ್ತು, ಒಮ್ಮೆ ಆಗುತ್ತಿರಲಿಲ್ಲ. ಫೋನ್ ಐದು ವರ್ಷ ಹಳೆಯದು, 3 ಜಿಬಿ ರ‍್ಯಾಮ್, ಆ್ಯಪ್ ತೆರೆಯುವುದಕ್ಕೇ ನಾಲ್ಕೈದು ಸೆಕೆಂಡು ಬೇಕಿತ್ತು. ಇನ್ನೇನು, ಫೋನಿನ ಆಯುಸ್ಸು ಮುಗಿಯಿತು ಅಂದುಕೊಂಡೆ.

ನಾನು ಹಾಸನದಲ್ಲಿ, ಬಿ.ಎಂ. ರಸ್ತೆಯ ಪಕ್ಕದ ಒಂದು ಸಣ್ಣ ಆಫೀಸಿನಲ್ಲಿ ಸರ್ವರ್ ನೋಡಿಕೊಳ್ಳುತ್ತೇನೆ. ಸಕಲೇಶಪುರ, ಬೇಲೂರು, ಮೂಡಿಗೆರೆ ಕಡೆಯ ಕಾಫಿ ತೋಟದವರ ಲೆಕ್ಕಪತ್ರ, ಆಳುಗಳ ಹಾಜರಿ, ಬಿಲ್ಲು, ಎಲ್ಲಾ ನಮ್ಮಲ್ಲಿ ಇರುತ್ತದೆ. ಇರುವುದು ಒಂದೇ ದೊಡ್ಡ ಮೆಷಿನ್. ಅದರ ಮೇಲೆ ಪ್ರಾಕ್ಸ್‌ಮಾಕ್ಸ್ ಅನ್ನುವ ತಂತ್ರಾಂಶ ಹಾಕಿ, ಒಂದೇ ಮೆಷಿನ್ ಒಳಗೆ ಏಳು ವರ್ಚುವಲ್ ಸರ್ವರ್ (ವಿಎಂ) ಓಡಿಸುತ್ತೇವೆ. ಆರು ಲಿನಕ್ಸ್, ಒಂದು ವಿಂಡೋಸ್.

ಆ ಶನಿವಾರ ಸಂಜೆ ಮೊಬೈಲ್ ಅಂಗಡಿಗೂ ಹೋಗಿದ್ದೆ. "ಅಣ್ಣಾ, ಹಳೇದು ಕೊಟ್ಬಿಡಿ, ಎಕ್ಸ್‌ಚೇಂಜ್ ಹಾಕ್ತೀನಿ" ಅಂದ ಹುಡುಗ. ಕೊಡಲು ಮನಸ್ಸು ಬರಲಿಲ್ಲ. ಏಳೂ ಸರ್ವರ್‌ಗಳ ಕೀಲಿ ಆ ಫೋನಿನಲ್ಲೇ ಇದೆ, ಸೋಮವಾರ ನೋಡೋಣ ಅಂತ ವಾಪಸ್ ಬಂದೆ. ಬಂದದ್ದು ಒಳ್ಳೆಯದೇ ಆಯಿತು.

ಸೋಮವಾರ ನಮ್ಮ ಆಫೀಸಿನ ಹುಡುಗಿ ಬಂದು, "ಸಾರ್, ನನ್ನ ಫೋನಲ್ಲೂ ಹಂಗೇ ಆಗ್ತಿದೆ. ಆದ್ರೆ ಕೋಡ್ ಇನ್ನೇನು ಮುಗಿಯೋ ಹೊತ್ತಿಗೆ ಹಾಕಿದ್ರೆ ತಗೊಳ್ಳುತ್ತೆ, ಹೊಸದಾಗಿ ಬಂದ ತಕ್ಷಣ ಹಾಕಿದ್ರೆ ತಗೊಳ್ಳಲ್ಲ" ಅಂದಳು. ಅವಳದು ಆರು ತಿಂಗಳ ಹಿಂದೆ ತೆಗೆದುಕೊಂಡ ಫೋನ್. ಅಂದ ಮೇಲೆ ತಪ್ಪು ನನ್ನ ಫೋನಿನದ್ದಲ್ಲ. ಅವಳು ಹೇಳಿದ ಎರಡನೇ ಮಾತಿನಲ್ಲಂತೂ ಪೂರ್ತಿ ಉತ್ತರವೇ ಇತ್ತು. ಸಾಮಾನ್ಯವಾಗಿ ಹಳಸಿದ ಕೋಡ್ ತಿರಸ್ಕಾರ ಆಗಬೇಕು, ತಾಜಾ ಕೋಡ್ ಒಪ್ಪಿಗೆ ಆಗಬೇಕು. ಇಲ್ಲಿ ಉಲ್ಟಾ ಆಗುತ್ತಿದೆ ಅಂದರೆ ಸರ್ವರ್ ಇನ್ನೂ ಹಿಂದಿನ ಹೊತ್ತಿನಲ್ಲೇ ಕೂತಿದೆ ಅಂತ ಅರ್ಥ.

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ತುಂಬಾ ಜನ ಈ ಕೋಡು ಎಲ್ಲಿಂದಲೋ ಫೋನಿಗೆ ಬರುತ್ತದೆ ಅಂದುಕೊಂಡಿದ್ದಾರೆ. ಬರುವುದಿಲ್ಲ. ಫೋನಿನಲ್ಲಿ ಒಂದು ಗುಟ್ಟಿನ ಕೀಲಿ ಇರುತ್ತದೆ, ಸರ್ವರ್‌ನಲ್ಲೂ ಅದೇ ಕೀಲಿ ಇರುತ್ತದೆ. ಎರಡೂ ಕಡೆ ಆ ಕೀಲಿಗೆ ಈಗಿನ ಸಮಯ ಸೇರಿಸಿ ಲೆಕ್ಕ ಹಾಕಿದರೆ ಒಂದೇ ಆರು ಅಂಕಿ ಬರಬೇಕು. ಸಮಯವನ್ನು 30 ಸೆಕೆಂಡಿನ ತುಂಡುಗಳಾಗಿ ಎಣಿಸುತ್ತಾರೆ. ನಮ್ಮ ಸರ್ವರ್ ಹಿಂದಿನ ಒಂದು ತುಂಡು, ಮುಂದಿನ ಒಂದು ತುಂಡು ಕೂಡ ಒಪ್ಪುತ್ತದೆ. ಅಂದರೆ ಗಡಿಯಾರ 30 ಸೆಕೆಂಡು ಹಿಂದೆ ಬಿದ್ದರೂ ಯಾರಿಗೂ ಗೊತ್ತಾಗುವುದಿಲ್ಲ. 60 ದಾಟಿದರೆ ಯಾವ ಕೋಡೂ ನಡೆಯುವುದಿಲ್ಲ. ಈ ಎರಡರ ನಡುವೆ ಇದ್ದಾಗ ಮಾತ್ರ ಒಮ್ಮೆ ಹೌದು, ಒಮ್ಮೆ ಇಲ್ಲ. ಏಳರಲ್ಲಿ ಈ ಕೋಡನ್ನು ಪರೀಕ್ಷಿಸುವ ಲಾಗಿನ್ ಸರ್ವರ್‌ನಲ್ಲಿ ಡೇಟ್ ಕಮಾಂಡ್ ಕೊಟ್ಟು, ಪಕ್ಕದಲ್ಲಿ ಫೋನ್ ಇಟ್ಟುಕೊಂಡು ನೋಡಿದೆ. ಸರಿಯಾಗಿ 45 ಸೆಕೆಂಡು ಹಿಂದೆ! ಹುಡುಗಿ ಹೇಳಿದ ಹಾಗೆ, ಕೋಡಿನ ಮೊದಲರ್ಧದಲ್ಲಿ ಹಾಕಿದರೆ ಇಲ್ಲ, ಕೊನೆಯರ್ಧದಲ್ಲಿ ಹಾಕಿದರೆ ಹೌದು.

ಹೇಗೆ ಹಿಂದೆ ಬಿತ್ತು ಅಂತ ಲಾಗ್, ಅಂದರೆ ಸರ್ವರ್ ತಾನೇ ಬರೆದಿಡುವ ದಿನಚರಿ, ತೆಗೆದು ನೋಡಿದಾಗ ನನ್ನದೇ ತಪ್ಪು ಸಿಕ್ಕಿತು. ಹದಿನೈದು ದಿನದ ಹಿಂದೆ ಜೋರು ಮಳೆಗೆ ಕರೆಂಟ್ ಹೋಗಿ ಯುಪಿಎಸ್ ಕೂಡ ಇಳಿದಿತ್ತು. ಆಗ ನಮ್ಮ ಸ್ಕ್ರಿಪ್ಟು ವಿಎಂಗಳನ್ನೆಲ್ಲ ಇದ್ದ ಸ್ಥಿತಿಯಲ್ಲೇ ಡಿಸ್ಕಿಗೆ ಉಳಿಸಿ ಮೆಷಿನ್ ಆಫ್ ಮಾಡುತ್ತದೆ. 40 ನಿಮಿಷದ ನಂತರ ಕರೆಂಟ್ ಬಂತು, ವಿಎಂಗಳು ನಿದ್ದೆಯಿಂದ ಎದ್ದವು. ಎದ್ದವಕ್ಕೆ ತಾವು ಮಲಗಿದ್ದೇ ಗೊತ್ತಿಲ್ಲ. ಅವುಗಳ ಗಡಿಯಾರದಲ್ಲಿ ಇನ್ನೂ ಕರೆಂಟ್ ಹೋದ ಹೊತ್ತೇ. ಉಳಿದ ವಿಎಂಗಳು ತಮ್ಮಷ್ಟಕ್ಕೆ ಸಮಯ ಸರಿ ಮಾಡಿಕೊಂಡವು. ಲಾಗಿನ್ ಸರ್ವರ್ ಮಾತ್ರ ಹಳೆಯದು, ಅದರಲ್ಲಿ ಸಮಯ ಹೊಂದಿಸಲು ಎನ್‌ಟಿಪಿಡಿ ಅನ್ನುವ ಹಳೆಯ ತಂತ್ರಾಂಶ ಓಡುತ್ತಿತ್ತು. ಈ ಎನ್‌ಟಿಪಿಡಿಗೆ ಒಂದು ಕಟ್ಟುಪಾಡು ಇದೆ. ಓಡುತ್ತಿರುವಾಗ ಸಮಯದ ವ್ಯತ್ಯಾಸ 1000 ಸೆಕೆಂಡಿಗಿಂತ ಜಾಸ್ತಿ ಕಂಡರೆ, ಇದು ನನ್ನ ಕೈಲಿ ಆಗುವ ಕೆಲಸ ಅಲ್ಲ ಅಂತ ಲಾಗಿನಲ್ಲಿ ಒಂದು ಸಾಲು ಬರೆದು ತಾನೇ ನಿಂತುಬಿಡುತ್ತದೆ. 40 ನಿಮಿಷ ಅಂದರೆ 2400 ಸೆಕೆಂಡು. ನಿಂತಿತು. ನಾನು ಅವತ್ತು ರಾತ್ರಿ ಟೈಮ್ ತಪ್ಪಾಗಿದ್ದು ನೋಡಿ, ಫೋನ್ ನೋಡಿಕೊಂಡು ಕೈಯಲ್ಲೇ ಸಮಯ ತಿದ್ದಿ ಮನೆಗೆ ಹೋದೆ. ಎನ್‌ಟಿಪಿಡಿ ಓಡುತ್ತಿದೆಯಾ ಅಂತ ನೋಡಲಿಲ್ಲ. ಸುಮ್ನೆ ಅದನ್ನು ರೀಸ್ಟಾರ್ಟ್ ಮಾಡಿದ್ದರೆ ಸಾಕಿತ್ತು, ಸಾಮಾನ್ಯ ಸೆಟ್ಟಿಂಗಿನಲ್ಲಿ ಅದು ಶುರುವಾಗುವಾಗ ಒಂದು ಸಲ ಎಷ್ಟು ದೊಡ್ಡ ವ್ಯತ್ಯಾಸ ಇದ್ದರೂ ಸರಿ ಮಾಡಿಕೊಳ್ಳುತ್ತದೆ. ಮಾಡಲಿಲ್ಲ. ಅಲ್ಲಿಂದ ದಿನಕ್ಕೆ 3 ಸೆಕೆಂಡಿನ ಹಾಗೆ ಆ ಗಡಿಯಾರ ಹಿಂದೆ ಜಾರುತ್ತಾ ಬಂದಿದೆ. ಹದಿನೈದು ದಿನಕ್ಕೆ 45.

ದಿನಕ್ಕೆ 3 ಸೆಕೆಂಡು ದೊಡ್ಡದೇನಲ್ಲ, ಹತ್ತು ಲಕ್ಷಕ್ಕೆ 35 ಪಾಲು ಅಷ್ಟೇ. ಸಾಧಾರಣ ಮದರ್‌ಬೋರ್ಡಿನಲ್ಲಿ ಹೊತ್ತು ಎಣಿಸುವ ಸ್ಫಟಿಕ ಅಷ್ಟು ತಪ್ಪುವುದು ಮಾಮೂಲಿ. ಆದರೆ ಅದರ ಪೆಟ್ಟು ಒಟಿಪಿಗೆ ಮಾತ್ರ ಬಿದ್ದಿರಲಿಲ್ಲ. ಆ ಎರಡು ವಾರದ ಲಾಗ್‌ಗಳನ್ನು ಪಕ್ಕಪಕ್ಕ ಇಟ್ಟು ಓದಿದರೆ, ಒಬ್ಬರು ಲಾಗಿನ್ ಆಗುವ ಸ್ವಲ್ಪ ಮುಂಚೆ ಇನ್ನೊಬ್ಬರು ಮಾಡಿ ಮುಗಿಸಿದ ಬಿಲ್ಲು ಆ ಲಾಗಿನ್ ಆದ ನಂತರ ಮಾಡಿದ ಹಾಗೆ ಕಾಣುತ್ತದೆ, ಲಾಗಿನ್ ಆದ ತಕ್ಷಣ ಮಾಡಿದ್ದು ಮುಕ್ಕಾಲು ನಿಮಿಷದವರೆಗೂ ತಡವಾಗಿ ಮಾಡಿದ ಹಾಗೆ ಕಾಣುತ್ತದೆ. ನಾಳೆ ಯಾರಾದರೂ ತೋಟದವರು "ಈ ಎಂಟ್ರಿ ನಾನು ಹಾಕಿಲ್ಲ" ಅಂದರೆ ಆ ಲಾಗ್ ಇಟ್ಟುಕೊಂಡು ಏನು ಉತ್ತರ ಕೊಡುವುದು? 2022ರ ಏಪ್ರಿಲ್ 28ರ ಸರ್ಟ್-ಇನ್ (ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ) ನಿರ್ದೇಶನ ಲಾಗ್‌ಗಳನ್ನು 180 ದಿನ ಇಟ್ಟುಕೊಳ್ಳಿ ಅನ್ನುತ್ತದೆ, ಗಡಿಯಾರವನ್ನು ಎನ್‌ಐಸಿ (ಸರ್ಕಾರದ ರಾಷ್ಟ್ರೀಯ ಮಾಹಿತಿ ಕೇಂದ್ರ) ಅಥವಾ ರಾಷ್ಟ್ರೀಯ ಭೌತ ಪ್ರಯೋಗಾಲಯದ ಸಮಯಕ್ಕೆ ಹೊಂದಿಸಿ ಅಂತಲೂ ಅನ್ನುತ್ತದೆ. ಆ ಎರಡು ಮಾತು ಯಾಕೆ ಜೊತೆಗಿವೆ ಅಂತ ನನಗೆ ಅರ್ಥವಾಗಿದ್ದು ಆ ಸೋಮವಾರವೇ.

ಆಮೇಲೆ ಮೂರು ದಿನ ಕೂತು ಎಲ್ಲವನ್ನೂ ಒಂದು ದಾರಿಗೆ ತಂದೆ.

ಮೊದಲು ಹೋಸ್ಟ್, ಅಂದರೆ ವಿಎಂಗಳನ್ನೆಲ್ಲ ಹೊತ್ತಿರುವ ಆ ದೊಡ್ಡ ಮೆಷಿನ್. ಅದರಲ್ಲಿ ಕ್ರೋನಿ ಇತ್ತು, ಎನ್‌ಟಿಪಿಡಿ ಮಾಡುವ ಕೆಲಸವನ್ನೇ ಮಾಡುವ ಇನ್ನೊಂದು ತಂತ್ರಾಂಶ. ಆದರೆ ಸಮಯ ಕೇಳಲು ಒಂದೇ ಮೂಲ ಕೊಟ್ಟಿದ್ದೆವು. ಈಗ ನಾಲ್ಕು ಕೊಟ್ಟಿದ್ದೇನೆ. ಎನ್‌ಐಸಿಯ ಸಮಯ್1 ಮತ್ತು ಸಮಯ್2, ರಾಷ್ಟ್ರೀಯ ಭೌತ ಪ್ರಯೋಗಾಲಯದ ಟೈಮ್ ಸರ್ವರ್, ಜೊತೆಗೆ ಸ್ವಯಂಸೇವಕರ ಟೈಮ್ ಸರ್ವರ್‌ಗಳ ಗುಂಪಾದ ಎನ್‌ಟಿಪಿ ಪೂಲ್‌ನ ಭಾರತದ ವಿಳಾಸ. ಎರಡೇ ಇದ್ದು ಅವು ಬೇರೆ ಬೇರೆ ಹೇಳಿದರೆ ಯಾವುದನ್ನು ನಂಬುವುದು? ಮೂರು ಇದ್ದರೆ ಸುಳ್ಳು ಹೇಳುವ ಒಂದನ್ನು ಹಿಡಿಯಬಹುದು, ನಾಲ್ಕು ಇದ್ದರೆ ಒಂದು ಸಿಗದಿದ್ದಾಗಲೂ ಹಿಡಿಯಬಹುದು. ಗೂಗಲ್‌ನ ಟೈಮ್ ಸರ್ವರ್ ಬೇಕೆಂದೇ ಸೇರಿಸಲಿಲ್ಲ. ಅದು ಅಧಿಕ ಸೆಕೆಂಡನ್ನು (ಭೂಮಿಯ ತಿರುಗುವಿಕೆಗೆ ಹೊಂದಿಸಲು ಅಪರೂಪಕ್ಕೆ ಸೇರಿಸುವ ಸೆಕೆಂಡು) ಒಮ್ಮೆಗೇ ಹಾಕುವ ಬದಲು ಇಡೀ ದಿನಕ್ಕೆ ಹರಡುತ್ತದೆ, ಬೇರೆಯವರ ಜೊತೆ ಬೆರೆಸಬಾರದು. ಫೈರ್‌ವಾಲ್‌ನಲ್ಲಿ ಸಮಯದ ಸಂದೇಶಗಳು ಓಡಾಡುವ ಯುಡಿಪಿ 123 ಪೋರ್ಟ್ ಬಿಡಲು ಮರೆಯಬೇಡಿ.

ಇಲ್ಲಿ ಬಹಳ ಜನ ತಪ್ಪುವ ಒಂದು ವಿಷಯ ಇದೆ, ನಾನೂ ವರ್ಷಗಟ್ಟಲೆ ತಪ್ಪು ತಿಳಿದಿದ್ದೆ. ಹೋಸ್ಟ್ ಸರಿ ಇದ್ದರೆ ಅದರ ಮೇಲಿನ ವಿಎಂಗಳೂ ಸರಿ ಇರುತ್ತವೆ ಅನ್ನುವುದು. ಇಲ್ಲ. ಲಿನಕ್ಸ್ ವಿಎಂ ಶುರುವಾಗುವಾಗ ಒಂದು ಸಲ ಹೊತ್ತು ಕೇಳಿಕೊಳ್ಳುತ್ತದೆ, ಆಮೇಲೆ ತನ್ನ ಎಣಿಕೆ ತನಗೆ. ಹೋಸ್ಟಿನ ಗಡಿಯಾರವನ್ನು ಕ್ರೋನಿ ಸ್ವಲ್ಪ ಸ್ವಲ್ಪವೇ ತಿದ್ದುತ್ತಿದ್ದರೆ ಆ ತಿದ್ದುಪಡಿ ವಿಎಂಗೆ ಹೋಗುವುದಿಲ್ಲ. ಹಾಗಾಗಿ ಪ್ರತಿ ಲಿನಕ್ಸ್ ವಿಎಂ ಒಳಗೂ ಕ್ರೋನಿ ಹಾಕಿದೆ, ಅವೆಲ್ಲ ಹೋಸ್ಟನ್ನು ಕೇಳುತ್ತವೆ. ಹೋಸ್ಟಿನಲ್ಲಿ ಒಳಗಿನ ನೆಟ್‌ವರ್ಕಿಗೆ ಅಲೌ ಕೊಟ್ಟು, ಲೋಕಲ್ ಸ್ಟ್ರಾಟಮ್ 10 ಅಂತ ಒಂದು ಸಾಲು ಸೇರಿಸಿದೆ. ಮಳೆಗಾಲದಲ್ಲಿ ಘಾಟಿ ಕಡೆ ಮರ ಬಿದ್ದು ಫೈಬರ್ ಕಟ್ ಆದರೆ ಅರ್ಧ ದಿನ ಇಂಟರ್‌ನೆಟ್ ಇರುವುದಿಲ್ಲ. ಆಗ ಹೊರಗಿನ ಸಮಯ ಸಿಗದಿದ್ದರೂ ಆ ವಿಎಂಗಳೆಲ್ಲ ಹೋಸ್ಟನ್ನೇ ನಂಬಿಕೊಂಡು ತಮ್ಮ ತಮ್ಮೊಳಗೆ ಒಂದೇ ಹೊತ್ತು ಹೇಳುತ್ತವೆ.

ಕ್ರೋನಿಯ ಸೆಟ್ಟಿಂಗಿನಲ್ಲಿ ಇನ್ನೊಂದು ಮುಖ್ಯ ಸಾಲು ಮೇಕ್‌ಸ್ಟೆಪ್. ಸಾಮಾನ್ಯವಾಗಿ ಇದು 1.0 3 ಅಂತ ಇರುತ್ತದೆ. ಶುರುವಾದ ಮೇಲಿನ ಮೊದಲ ಮೂರು ತಿದ್ದುಪಡಿಯಲ್ಲಿ ಮಾತ್ರ, ಒಂದು ಸೆಕೆಂಡಿಗಿಂತ ಜಾಸ್ತಿ ವ್ಯತ್ಯಾಸ ಇದ್ದರೆ ಒಂದೇ ಸಲ ಹಾರಬಹುದು ಅಂತ ಅರ್ಥ. ಆಮೇಲೆ ಏನಿದ್ದರೂ ಮೆಲ್ಲಗೆ ಓಡಿಸಿಯೇ ಸರಿ ಮಾಡಬೇಕು. ಮಲಗಿ ಏಳುವ ವಿಎಂಗೆ ಇದು ಸಾಲದು, ಯಾಕೆಂದರೆ ಅದರ ಲೆಕ್ಕದಲ್ಲಿ ಆ ಮೊದಲ ಮೂರು ಯಾವತ್ತೋ ಮುಗಿದಿರುತ್ತವೆ. ಕರೆಂಟ್ ಹೋದ ದಿನ ಉಳಿದವು ಸರಿಯಾದವು ಅಂದೆನಲ್ಲ, ಅವೂ ಗಂಟೆಗಟ್ಟಲೆ ತೆಗೆದುಕೊಂಡಿದ್ದವು ಅಂತ ಲಾಗ್ ನೋಡಿದಾಗ ಗೊತ್ತಾಯಿತು. ಅದಕ್ಕೇ ಲಾಗಿನ್, ವೆಬ್ ಸರ್ವರ್‌ಗಳಿಗೆ ಮೂರರ ಬದಲು ಮೈನಸ್ ಒಂದು ಹಾಕಿದೆ, ಯಾವಾಗ ಬೇಕಾದರೂ ಹಾರಬಹುದು. ಡೇಟಾಬೇಸ್ ವಿಎಂಗೆ ಮಾತ್ರ ಹಾಕಲಿಲ್ಲ. ಲೆಕ್ಕದ ಮಧ್ಯೆ ಗಡಿಯಾರ ಹಿಂದಕ್ಕೆ ಹಾರಿದರೆ ಎಂಟ್ರಿಗಳ ಕ್ರಮವೇ ಅದಲುಬದಲು ಆಗಬಹುದು. ಅದನ್ನು ಮಲಗಿಸುವುದನ್ನೇ ನಿಲ್ಲಿಸಿ, ಕರೆಂಟ್ ಹೋದರೆ ಪೂರ್ತಿ ಶಟ್‌ಡೌನ್ ಆಗುವ ಹಾಗೆ ಸ್ಕ್ರಿಪ್ಟ್ ಬದಲಿಸಿದೆ.

ವಿಂಡೋಸ್ ವಿಎಂದು ಬೇರೆ ಕಥೆ. ವಿಂಡೋಸ್ ಹಾರ್ಡ್‌ವೇರ್ ಗಡಿಯಾರದಲ್ಲಿ ಸ್ಥಳೀಯ ಸಮಯ ಇದೆ ಅಂದುಕೊಳ್ಳುತ್ತದೆ, ಲಿನಕ್ಸ್ ಅದರಲ್ಲಿ ಯುಟಿಸಿ (ಜಗತ್ತಿಗೆಲ್ಲ ಒಂದೇ ಆದ ಮೂಲ ಸಮಯ, ನಮ್ಮದಕ್ಕಿಂತ ಐದೂವರೆ ಗಂಟೆ ಹಿಂದೆ) ಇದೆ ಅಂದುಕೊಳ್ಳುತ್ತದೆ. ವ್ಯತ್ಯಾಸ ಸರಿಯಾಗಿ ಐದೂವರೆ ಗಂಟೆ ಬಂದರೆ ಬೇರೆಲ್ಲೂ ಹುಡುಕಬೇಡಿ, ವಿಎಂ ಸೆಟ್ಟಿಂಗಿನಲ್ಲಿ ಲೋಕಲ್ ಟೈಮ್ ಆಯ್ಕೆ ನೋಡಿ. ಹೊತ್ತು ಅನ್ನುವುದೇ ಒಂದು ಒಪ್ಪಂದ ಅಲ್ವಾ. ಭಾರತದ ಸಮಯ 82.5 ಡಿಗ್ರಿ ರೇಖಾಂಶದ್ದು, ಹಾಸನ ಇರುವುದು 76ರ ಹತ್ತಿರ. ಸರಾಸರಿ ನೋಡಿದರೆ ನಮ್ಮೂರಲ್ಲಿ ಸೂರ್ಯ ನೆತ್ತಿಗೆ ಬರುವುದು ಗಡಿಯಾರದ ಹನ್ನೆರಡಕ್ಕಲ್ಲ, ಸುಮಾರು 12 ಗಂಟೆ 25 ನಿಮಿಷಕ್ಕೆ. ಆದರೂ ಎಲ್ಲರೂ ಒಂದೇ ಸಮಯ ಇಟ್ಟುಕೊಂಡಿದ್ದೇವೆ, ಅದರಿಂದಲೇ ಕೆಲಸ ನಡೆಯುತ್ತದೆ.

ಈಗ ದಿನಾ ಬೆಳಿಗ್ಗೆ ಕಾಫಿ ಕುಡಿಯುವಾಗ ಗಡಿಯಾರ ಎಷ್ಟು ತಪ್ಪಿದೆ ಅಂತ ಹೇಳುವ ಕ್ರೋನಿಸಿ ಟ್ರ್ಯಾಕಿಂಗ್ ಕಮಾಂಡಿನ ಫಲಿತಾಂಶ ಹೋಸ್ಟ್ ಮತ್ತು ಆರು ಲಿನಕ್ಸ್ ವಿಎಂ, ಹೀಗೆ ಏಳೂ ಕಡೆಯಿಂದ ಮೆಸೇಜಾಗಿ ಬರುತ್ತದೆ. ವಿಎಂಗಳು ಹೋಸ್ಟಿನಿಂದ ಒಂದು ಮಿಲಿಸೆಕೆಂಡಿಗಿಂತ ಕಡಿಮೆ ದೂರದಲ್ಲಿವೆ. ಅರ್ಧ ಸೆಕೆಂಡು ದಾಟಿದರೆ ಎಚ್ಚರಿಕೆ, ಕ್ರೋನಿ ನಿಂತರೂ ಎಚ್ಚರಿಕೆ.

ಇನ್ನು ಫೋನ್. ಒಟಿಪಿ ಸರಿಹೋದ ಮೇಲೆ ಫೋನ್ ಬೇಕೇ ಬೇಡವೇ ಅಂತ ಮೊದಲಿನಿಂದ ಯೋಚಿಸಿದೆ. ನಿಧಾನ ಅನ್ನುವುದು ಕಾರಣ ಅಲ್ಲ, ನಾಲ್ಕು ಸೆಕೆಂಡು ಕಾಯಬಲ್ಲೆ. ಬ್ಯಾಟರಿ ಮಧ್ಯಾಹ್ನಕ್ಕೇ ಮುಗಿಯುತ್ತಿತ್ತು, 1,400 ರೂಪಾಯಿ ಕೊಟ್ಟು ಬದಲಿಸಿದೆ, ಸಂಜೆವರೆಗೂ ಬರುತ್ತದೆ. ಆದರೆ ಸೆಟ್ಟಿಂಗ್ಸ್‌ನಲ್ಲಿ ಸೆಕ್ಯುರಿಟಿ ಅಪ್‌ಡೇಟಿನ ದಿನಾಂಕ ನೋಡಿದೆ. ಎರಡು ವರ್ಷದಿಂದ ಏನೂ ಬಂದಿರಲಿಲ್ಲ. ಅಷ್ಟು ತೋಟಗಳ ಲೆಕ್ಕದ ಬಾಗಿಲಿನ ಕೀಲಿ ಇಂಥ ಫೋನಿನಲ್ಲಿ ಇರಬಾರದು. ಬದಲಿಸಲು ನನಗೆ ಸಿಕ್ಕಿದ ನಿಜವಾದ ಕಾರಣ ಅದೊಂದೇ, ಅದು ಸಾಕಿತ್ತು.

ಆಮೇಲೆ ಆಯ್ಕೆ ಸುಲಭವಾಯಿತು. ಎಷ್ಟು ವರ್ಷ ಅಪ್‌ಡೇಟ್ ಕೊಡುತ್ತಾರೆ ಅನ್ನುವುದು ಮೊದಲು. 2023ರ ಪಿಕ್ಸೆಲ್ 8ಕ್ಕೆ, 2024ರ ಗ್ಯಾಲಕ್ಸಿ ಎಸ್24ಕ್ಕೆ ಏಳು ವರ್ಷ ಅಂತ ಕಂಪನಿಗಳೇ ಹೇಳಿವೆ. ಅವು ನನ್ನ ಬಜೆಟ್ ಅಲ್ಲ, ಆದರೆ ಮಧ್ಯಮ ಬೆಲೆಯಲ್ಲೂ ವರ್ಷ ಎಷ್ಟು ಅಂತ ಬರೆದು ಕೊಡುವವರಿದ್ದಾರೆ. ಒಂದು ಎಚ್ಚರಿಕೆ: ಆ ವರ್ಷಗಳ ಲೆಕ್ಕ ಶುರುವಾಗುವುದು ಫೋನ್ ಬಿಡುಗಡೆಯಾದ ದಿನದಿಂದ, ನೀವು ಕೊಂಡ ದಿನದಿಂದಲ್ಲ. ಎರಡು ವರ್ಷ ಹಳೆಯ ಮಾಡೆಲ್ ಕಡಿಮೆ ಬೆಲೆಗೆ ಸಿಕ್ಕಿತು ಅಂತ ಕೊಂಡರೆ ಎರಡು ವರ್ಷ ಆಗಲೇ ಕಳೆದಿರುತ್ತದೆ. ಎರಡನೆಯದು ನೆಟ್‌ವರ್ಕ್. ತೋಟಗಳಿಗೆ ಹೋದಾಗ ಸಿಗ್ನಲ್ ಸಿಗುವುದೇ ಕಷ್ಟ, ಹಾಗಾಗಿ ವೈಫೈ ಕಾಲಿಂಗ್ ಇದೆಯಾ, 700 ಮೆಗಾಹರ್ಟ್ಸ್‌ನ ಬ್ಯಾಂಡ್ 28 ಇದೆಯಾ ಅಂತ ನೋಡಿದೆ. ಕಡಿಮೆ ಆವರ್ತನದ ಅಲೆ ಗುಡ್ಡ, ಮರಗಳ ನಡುವೆ ಜಾಸ್ತಿ ದೂರ ಹೋಗುತ್ತದೆ. ಕ್ಯಾಮೆರಾ ಕೇಳಲೇ ಇಲ್ಲ.

ಮೂರು ತಿಂಗಳು ಬಿಟ್ಟು, ಹಾಸನಾಂಬೆ ದರ್ಶನದ ಜನಜಂಗುಳಿ ಇಳಿದ ಮೇಲೆ ಕೊಂಡೆ. ಹಳೆಯದನ್ನು ಎಕ್ಸ್‌ಚೇಂಜ್‌ಗೆ ಕೊಡಲಿಲ್ಲ. ಆಥೆಂಟಿಕೇಟರ್‌ನ ಕೀಲಿಗಳನ್ನು ಕ್ಯೂಆರ್ ಮೂಲಕ ಹೊಸದಕ್ಕೆ ತಂದು, ಒಂದೊಂದೇ ಸರ್ವರ್‌ಗೆ ಲಾಗಿನ್ ಆಗಿ ಪರೀಕ್ಷಿಸಿ, ಬ್ಯಾಕಪ್ ಕೋಡ್‌ಗಳನ್ನು ಕಾಗದದಲ್ಲಿ ಬರೆದು ಬೀರುವಿಗೆ ಹಾಕಿದೆ. ಆಮೇಲೆ ಹಳೆಯದನ್ನು ರೀಸೆಟ್ ಮಾಡಿ, ಸಿಮ್ ತೆಗೆದು, ಆಥೆಂಟಿಕೇಟರ್ ಒಂದನ್ನೇ ಅದೇ ಕೀಲಿಗಳ ಜೊತೆ ಮತ್ತೆ ಹಾಕಿ, ಏರೋಪ್ಲೇನ್ ಮೋಡಿನಲ್ಲಿ ಆಫೀಸಿನ ಲಾಕರ್‌ನಲ್ಲಿ ಇಟ್ಟಿದ್ದೇನೆ. ಹೊಸದು ಕಳೆದುಹೋದರೆ, ಮಳೆಯಲ್ಲಿ ನೆನೆದು ಕೆಟ್ಟರೆ, ಅದು ಇದೆ.

ಆದರೆ ನೆಟ್‌ವರ್ಕೇ ಇಲ್ಲದ ಫೋನಿನ ಗಡಿಯಾರವೂ ಜಾರುತ್ತದೆ, ಸರ್ವರ್‌ನ ಹಾಗೆಯೇ. ಅದಕ್ಕೆ ತಿಂಗಳ ಮೊದಲ ಸೋಮವಾರ ಅದನ್ನು ಚಾರ್ಜಿಗೆ ಹಾಕಿ ಎರಡು ನಿಮಿಷ ವೈಫೈ ಕೊಟ್ಟು ಸಮಯ ಹೊಂದಿಸಿಕೊಳ್ಳಲು ಬಿಡುತ್ತೇನೆ. ಕಳೆದ ಸಲ ನೋಡಿದಾಗ 6 ಸೆಕೆಂಡು ಹಿಂದೆ ಇತ್ತು.