ಲಾಸಾದಲ್ಲಿ ನಾವು ಓಡಾಡಿದ ಬಗೆ

ಕುಶಾಲನಗರದಲ್ಲಿ ಬೆಳೆದ ನನಗೆ ಸೆರಾ, ಡ್ರೆಪುಂಗ್ ಎಂಬ ಟಿಬೆಟನ್ ಬೌದ್ಧ ಮಠಗಳ ಹೆಸರುಗಳು ಚಿಕ್ಕಂದಿನಿಂದಲೂ ಪರಿಚಿತ. ಸೆರಾ ಮಠವನ್ನು ನಮ್ಮ ಪಕ್ಕದ ಬೈಲಕುಪ್ಪೆಯಲ್ಲಿ, ಡ್ರೆಪುಂಗನ್ನು ಮುಂಡಗೋಡಿನಲ್ಲಿ ಮತ್ತೆ ಕಟ್ಟಿದ್ದಾರೆ. ಅವುಗಳ ಮೂಲ ನೆಲೆಯನ್ನು ನೋಡಲೇಬೇಕೆಂದು 2019ರ ಸೆಪ್ಟೆಂಬರಿನಲ್ಲಿ ಅಕ್ಕನ ಜೊತೆ ಕಠ್ಮಂಡುವಿನಿಂದ ಟಿಬೆಟ್ಟಿನ ರಾಜಧಾನಿ ಲಾಸಾಕ್ಕೆ ಹಾರಿದೆ.

ಗೊಂಗ್ಗಾರ್ ವಿಮಾನ ನಿಲ್ದಾಣದಿಂದ ಊರಿಗೆ ಸುಮಾರು 60 ಕಿ.ಮೀ. ವಿದೇಶಿಯರು ಪರವಾನಗಿ ಪಡೆದು ಏಜೆನ್ಸಿಯ ಮೂಲಕವೇ ಬರಬೇಕಾದ್ದರಿಂದ ಗೈಡ್ ವ್ಯಾನ್ ತಂದಿದ್ದರು. ಊರ ಹೊರಗಿನ ಪ್ರಯಾಣಕ್ಕೆಲ್ಲ ಅದೇ ವ್ಯವಸ್ಥೆ. ಊರೊಳಗೆ ಮಾತ್ರ ಬಿಡುವಿನ ವೇಳೆಯಲ್ಲಿ ನಾವಿಬ್ಬರೇ ತಿರುಗಾಡಿದೆವು.

ಲಾಸಾ ಇರುವುದು 3,650 ಮೀಟರ್ ಎತ್ತರದಲ್ಲಿ, ಮುಳ್ಳಯ್ಯನಗಿರಿಯ ತುದಿಗಿಂತ ಹತ್ತಿರ ಹತ್ತಿರ ಎರಡು ಪಟ್ಟು. ಯಾವಾಗ ನಡೆಯಬೇಕು, ಯಾವಾಗ ವಾಹನ ಹತ್ತಬೇಕು ಎಂಬುದನ್ನು ಅಲ್ಲಿ ದುಡ್ಡಿಗಿಂತ ಉಸಿರೇ ತೀರ್ಮಾನಿಸುತ್ತದೆ. ಇದು ನನಗೆ ಅರ್ಥವಾದದ್ದು ಮೂರನೆಯ ದಿನ.

ಅಂದು ಡ್ರೆಪುಂಗ್‌ಗೆ ಬಸ್ಸಿನಲ್ಲಿ ಹೋಗೋಣವೆಂದು ಹಟ ಹಿಡಿದವಳು ನಾನೇ. ಗೈಡ್ ಒಪ್ಪಿದರು. ಟಿಕೆಟ್ ಆಗ ಒಂದೇ ಯುವಾನ್. ಕಂಡಕ್ಟರ್ ಇಲ್ಲ, ಚಾಲಕರ ಪಕ್ಕದ ಪೆಟ್ಟಿಗೆಗೆ ನೋಟು ಹಾಕಬೇಕು, ಚಿಲ್ಲರೆ ವಾಪಸ್ ಸಿಗುವುದಿಲ್ಲ. ಜಪಮಣಿ ಎಣಿಸುವ ಅಜ್ಜಿಯರ ನಡುವೆ ನಿಂತು ಹೋದ ಆ ಎಂಟು ಕಿ.ಮೀ. ನನಗೆ ಇಡೀ ಪ್ರವಾಸದಲ್ಲೇ ಪ್ರಿಯವಾದ ದಾರಿ. ಆದರೆ ಬಸ್ಸು ನಮ್ಮನ್ನು ಇಳಿಸಿದ್ದು ಬೆಟ್ಟದ ಬುಡದಲ್ಲಿ. ಮಠ ಮೇಲಿತ್ತು. ಯಾತ್ರಿಕರು ಸಣ್ಣ ವ್ಯಾನುಗಳಿಗೆ ಹತ್ತುತ್ತಿದ್ದರು, ನಾವು ನಡೆದೇ ಹೊರಟೆವು. ಅರ್ಧ ದಾರಿಗೆ ಅಕ್ಕನ ತುಟಿ ಬಿಳಿಚಿಕೊಂಡಿತು. ‘ಇನ್ನೊಂದು ಹೆಜ್ಜೆಯೂ ಆಗುವುದಿಲ್ಲ ಕಣೇ’ ಎಂದು ಕಲ್ಲಿನ ಮೇಲೆ ಕುಳಿತುಬಿಟ್ಟಳು. ಗೈಡ್ ಒಂದು ವ್ಯಾನನ್ನು ಕೈ ಅಡ್ಡ ಹಿಡಿದು ನಿಲ್ಲಿಸಿದರು. ಅವಳ ಕೈ ಹಿಡಿದು ಕುಳಿತ ಆ ಕೆಲವು ನಿಮಿಷಗಳನ್ನು ನಾನು ಮರೆತಿಲ್ಲ. ಏರುದಾರಿ ಇದ್ದಲ್ಲಿ ಹಣ ಉಳಿಸಲು ಹೋಗಬೇಡಿ.

ಆಮೇಲೆ ದೂರಕ್ಕೆಲ್ಲ ಟ್ಯಾಕ್ಸಿಯನ್ನೇ ಹಿಡಿದೆವು. ಊರೊಳಗಿನ ಸಣ್ಣ ದೂರಗಳಿಗೆ ಹತ್ತು ಯುವಾನ್ ಆಗುತ್ತಿತ್ತು. ಚಾಲಕರು ನಡುವೆ ಬೇರೆಯವರನ್ನೂ ಹತ್ತಿಸಿಕೊಳ್ಳುವುದುಂಟು; ಅಲ್ಲಿ ಅದು ರೂಢಿ. ಇಂಗ್ಲಿಷ್ ನಡೆಯದ ಕಾರಣ, ಚೀನೀ ಲಿಪಿಯಲ್ಲಿ ವಿಳಾಸವಿದ್ದ ಹೋಟೆಲಿನ ಕಾರ್ಡು ಪ್ರತಿ ಸಲವೂ ನಮ್ಮನ್ನು ಕಾಪಾಡಿತು. ಸೈಕಲ್ ರಿಕ್ಷಾ ಏರುವುದಾದರೆ ಬಾಡಿಗೆಯನ್ನು ಮೊದಲೇ ಬೆರಳೆಣಿಸಿ ಗಟ್ಟಿ ಮಾಡಿಕೊಳ್ಳಿ.

ಜೋಖಾಂಗ್ ದೇವಾಲಯದ ಸುತ್ತಲಿನ ಬಾರ್ಖೋರ್ ಬೀದಿಗೆ ಮಾತ್ರ ಕಾಲೇ ವಾಹನ. ಅಲ್ಲಿ ಜನಪ್ರವಾಹವೆಲ್ಲ ನಮ್ಮ ದೇವಸ್ಥಾನದ ಪ್ರದಕ್ಷಿಣೆಯಂತೆ ಬಲಕ್ಕೇ ಸುತ್ತುತ್ತದೆ. ಪ್ರತಿ ಸಂಜೆ ನಾವೂ ಅದರೊಳಗೆ ಸೇರಿಕೊಳ್ಳುತ್ತಿದ್ದೆವು, ಅಕ್ಕನ ಹೆಜ್ಜೆಯ ವೇಗದಲ್ಲಿ.